ಮದರಾಸಿನ ದೀಪಸ್ತಂಭವೂ ನಮ್ಮ ಮನೆಯ ಟಾರ್ಚೂ

2023ರ ಡಿಸೆಂಬರ್ 4ರ ರಾತ್ರಿಯನ್ನು ಚೆನ್ನೈಯಲ್ಲಿ ಕಳೆದವರು ಯಾರೂ ಅದನ್ನು ಬೇಗ ಮರೆಯಲಾರರು. ಮಿಚಾಂಗ್ ಚಂಡಮಾರುತದ ಮಳೆ ಹಿಂದಿನ ದಿನದಿಂದಲೇ ಹಿಡಿದಿತ್ತು. ವೇಳಚ್ಚೇರಿಯ ನಮ್ಮ ಬೀದಿಯಲ್ಲಿ ಬೆಳಗ್ಗೆ ಮೊಣಕಾಲುದ್ದ ಇದ್ದ ನೀರು ಸಂಜೆಯ ಹೊತ್ತಿಗೆ ಕೆಳಮನೆಗಳ ಹೊಸ್ತಿಲು ದಾಟಿತು. ಕರೆಂಟು ಎಂದೋ ಹೋಗಿತ್ತು. ಕೆಳಮನೆಯಲ್ಲಿ ಒಬ್ಬರೇ ಇರುವ ಮಾಮಿಗೆ ಎಪ್ಪತ್ತು ದಾಟಿದೆ. ಅವರನ್ನು ಎರಡನೆಯ ಮಹಡಿಯ ನಮ್ಮ ಮನೆಗೆ ಕರೆತರಲು ನಾನು ಇಳಿದು ಹೋದೆ. ಕೈಯಲ್ಲಿ ಆರು ತಿಂಗಳ ಹಿಂದೆ ಕೊಂಡ ಎಲ್‌ಇಡಿ ಟಾರ್ಚು. ಅದರ ಪೆಟ್ಟಿಗೆಯ ಮೇಲೆ ‘10,000 ಲ್ಯೂಮೆನ್, 1,500 ಮೀಟರ್’ ಎಂದು ಅಚ್ಚಾಗಿತ್ತು.

ಹಚ್ಚಿದೊಡನೆ ಮೆಟ್ಟಿಲೆಲ್ಲ ಹಗಲಾಯಿತು. ಮಾಮಿಯ ಔಷಧದ ಚೀಲ, ಪಾಸ್‌ಬುಕ್ಕು, ದೇವರ ಪಟ ಇಷ್ಟನ್ನು ಹುಡುಕಿ ಗಂಟು ಕಟ್ಟುವುದರೊಳಗೆ ಬೆಳಕು ಕುಂದಿತು. ಹತ್ತಿ ಬರುವಾಗ ಮೊದಲ ಮಹಡಿಯ ತಿರುವಿನಲ್ಲಿ ಪೂರ್ತಿ ಆರಿಹೋಯಿತು. ಕಾಣದ ಮೆಟ್ಟಿಲಿಗೆ ಕಾಲಿಡಹೋಗಿ ಮಾಮಿ ಬಿದ್ದರು. ಬಲ ಮಣಿಕಟ್ಟಿನ ಮೂಳೆ ಮುರಿಯಿತು. ನೀರು ಇಳಿದು ವೈದ್ಯರ ಬಳಿ ಹೋಗುವುದಕ್ಕೆ ಒಂದೂವರೆ ದಿನ ಹಿಡಿಯಿತು. ಅಲ್ಲಿಯವರೆಗೆ ನನ್ನ ಹೆಂಡತಿ ಮಡಿಸಿದ ದಿನಪತ್ರಿಕೆಯನ್ನು ಕೈಗೆ ಕೊಟ್ಟು ಹಳೆಯ ಪಂಚೆಯಿಂದ ಕಟ್ಟಿ ಕೂರಿಸಿದ್ದಳು.

“ಟಾರ್ಚು ಏನು ಮಾಡೀತಪ್ಪಾ, ನನ್ನ ಗ್ರಹಚಾರ” ಎಂದು ಮಾಮಿ ತಮ್ಮ ತಮಿಳಿನಲ್ಲಿ ನನ್ನನ್ನೇ ಸಮಾಧಾನಪಡಿಸಿದರು. ನನಗೆ ಸಮಾಧಾನವಾಗಲಿಲ್ಲ. ಬಿ.ಎಸ್‌ಸಿ.ಯಲ್ಲಿ ಭೌತಶಾಸ್ತ್ರ ಓದಿದವನು ನಾನು. ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಕಡತದ ಅಂಕಿಗಳನ್ನು ತಾಳೆ ನೋಡುವುದೇ ನನ್ನ ಕೆಲಸ. ಆದರೂ ಆ ಪೆಟ್ಟಿಗೆಯ ಮೇಲಿನ ಅಂಕಿಯನ್ನು ಮಾತ್ರ ತಾಳೆ ನೋಡದೆ ನಂಬಿದ್ದೆ.

ಹಾಗಾದರೆ ಒಂದು ದೀಪವನ್ನು ಪರೀಕ್ಷಿಸುವುದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ, ಉತ್ತರ ನಾವಿರುವ ಊರಿನಲ್ಲೇ, ನಾವು ಭಾನುವಾರ ಮಕ್ಕಳೊಡನೆ ಗಾಳಿ ಸೇವನೆಗೆ ಹೋಗುವ ಕಡಲ ತೀರದಲ್ಲೇ ಇದೆಯೆಂದು ತಿಳಿಯಿತು. ಮದರಾಸು ಪಟ್ಟಣ ಇನ್ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಕಡಲಿಗೆ ದೀಪ ತೋರಿಸುತ್ತ ಬಂದಿದೆ. ಆ ದೀಪಗಳ ಕಥೆಯನ್ನು ತಿಳಿದರೆ ಕೈಯಲ್ಲಿ ಹಿಡಿಯುವ ದೀಪವನ್ನು ಅಳೆಯುವ ಬಗೆಯೂ ತಿಳಿಯುತ್ತದೆ.

ಕೋಟೆಯ ಮೇಲಿನ ತೆಂಗಿನೆಣ್ಣೆಯ ದೀಪ

ಹದಿನೆಂಟನೆಯ ಶತಮಾನದ ಮದರಾಸಿಗೆ ಕಟ್ಟಿದ ಬಂದರು ಇರಲಿಲ್ಲ. ಹಡಗುಗಳು ದೊಡ್ಡ ಅಲೆಗಳ ಆಚೆ ಲಂಗರು ಹಾಕಿ ನಿಲ್ಲುತ್ತಿದ್ದವು. ಜನರೂ ಸಾಮಾನೂ ಮಸೂಲಾ ದೋಣಿಗಳಲ್ಲಿ ದಡ ಸೇರಬೇಕು. ಈ ದೋಣಿಗೆ ಮೊಳೆ ಹೊಡೆಯುತ್ತಿರಲಿಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಅಲೆ ಬಡಿದರೆ ದೋಣಿ ಬಳುಕುತ್ತಿತ್ತೇ ಹೊರತು ಸುಲಭಕ್ಕೆ ಒಡೆಯುತ್ತಿರಲಿಲ್ಲ. ಬಳಸುವ ಜಾಗಕ್ಕೆ ತಕ್ಕ ಕಟ್ಟಡವೇ ಗಟ್ಟಿ ಕಟ್ಟಡ ಎಂಬ ಪಾಠ ಇದರಲ್ಲಿದೆ. ಟಾರ್ಚಿಗೂ ಅದು ಸಲ್ಲುತ್ತದೆ.

ಇಂಥ ಕಡಲಿನಲ್ಲಿ ರಾತ್ರಿ ಬರುವ ಹಡಗಿಗೆ ಗುರುತು ಬೇಡವೇ? 1796ರಲ್ಲಿ ಸೇಂಟ್ ಜಾರ್ಜ್ ಕೋಟೆಯೊಳಗಿನ ಎಕ್ಸ್‌ಚೇಂಜ್ ಕಟ್ಟಡದ ತಾರಸಿಯ ಮೇಲೆ ದೊಡ್ಡ ಲಾಂದ್ರವೊಂದನ್ನು ಇಟ್ಟರು. ಇಂದು ಕೋಟೆಯ ವಸ್ತುಸಂಗ್ರಹಾಲಯ ಇರುವ ಕಟ್ಟಡವೇ ಅದು. ದೀಪಕ್ಕೆ ಉರಿಸುತ್ತಿದ್ದುದು ತೆಂಗಿನೆಣ್ಣೆ. ಬೆಳಕು ಸಮುದ್ರ ಮಟ್ಟದಿಂದ 99 ಅಡಿ ಎತ್ತರದಲ್ಲಿದ್ದು 25 ಮೈಲಿ ದೂರದ ಹಡಗುಗಳಿಗೆ ಕಾಣುತ್ತಿತ್ತೆಂದು ಹೇಳುತ್ತಾರೆ.

ಈ 25 ಮೈಲಿಯನ್ನು ನಾನು ತಾಳೆ ನೋಡಿದೆ. ಭೂಮಿ ಉಬ್ಬಿಕೊಂಡಿರುವುದರಿಂದ ದೀಪ ಎಷ್ಟು ಪ್ರಖರವಾಗಿದ್ದರೂ ಒಂದು ದೂರದ ಆಚೆಗೆ ಅದು ದಿಗಂತದ ಕೆಳಗೆ ಮುಳುಗಿಬಿಡುತ್ತದೆ. 99 ಅಡಿ ಎತ್ತರದ ದೀಪ ನೀರಿನ ಮಟ್ಟದಲ್ಲಿರುವ ಕಣ್ಣಿಗೆ ಸುಮಾರು 13 ಮೈಲಿಯವರೆಗೆ ಮಾತ್ರ ಕಂಡೀತು. 25 ಮೈಲಿಯಿಂದ ಕಾಣಬೇಕಾದರೆ ನೋಡುವ ನಾವಿಕ ಹಾಯಿಕಂಬ ಹತ್ತಿ ಸುಮಾರು 80 ಅಡಿ ಎತ್ತರದಲ್ಲಿ ಕುಳಿತಿರಬೇಕು, ಆಕಾಶವೂ ತಿಳಿಯಾಗಿರಬೇಕು. ದೊಡ್ಡ ಹಾಯಿಹಡಗಿನಲ್ಲಿ ಅದು ಸಾಧ್ಯವಿದ್ದ ಮಾತೇ. ಅಂದರೆ ಅಂಕಿ ಸುಳ್ಳಲ್ಲ. ಆದರೆ ಅದಕ್ಕೊಂದು ಷರತ್ತಿದೆ. ಯಾರು ಎಲ್ಲಿ ನಿಂತು ಯಾವಾಗ ಅಳೆದರು ಎಂಬುದನ್ನು ಬಿಟ್ಟು ಹೇಳಿದ ಅಂಕಿಯಿಂದ ದೀಪದ ಗುಣ ತಿಳಿಯುವುದಿಲ್ಲ. ನನ್ನ ಟಾರ್ಚಿನ ಪೆಟ್ಟಿಗೆ ಮರೆಮಾಚಿದ್ದು ಇಂಥ ಷರತ್ತುಗಳನ್ನೇ.

ಕಲ್ಲಿನ ಕಂಬ, ಕೋರ್ಟಿನ ಗೋಪುರ

ಕೋಟೆಯ ದೀಪದ ಬದಲಿಗೆ ಬಂದದ್ದು ಇಂದು ಹೈಕೋರ್ಟಿನ ಆವರಣದಲ್ಲಿ ನಿಂತಿರುವ ಬೃಹತ್ ಕಲ್ಲಿನ ಕಂಬ. ಗ್ರೀಕರ ದೇವಾಲಯದ ಕಂಬದ ಮಾದರಿಯಲ್ಲಿ ಕಟ್ಟಿದ ಇದರ ದೀಪ 1844ರ ಜನವರಿ 1ರಂದು ಬೆಳಗಿತು. ಇದರಲ್ಲಿ ಇದ್ದುದು ಆರ್ಗಂಡ್ ದೀಪಗಳು. ಸ್ವಿಟ್ಜರ್ಲೆಂಡಿನ ಆರ್ಗಂಡ್ ಎಂಬಾತ 1780ರ ದಶಕದಲ್ಲಿ ಬತ್ತಿಯನ್ನು ಕೊಳವೆಯಂತೆ ಮಾಡಿ, ನಡುವೆಯೂ ಗಾಳಿಯಾಡುವಂತೆ ಏರ್ಪಡಿಸಿ, ಮೇಲೊಂದು ಗಾಜಿನ ಚಿಮಣಿ ಇಟ್ಟ. ಹೊಗೆ ಕಡಿಮೆಯಾಗಿ ಬೆಳಕು ಹಲವು ಪಟ್ಟು ಹೆಚ್ಚಿತು. ನಮ್ಮ ಅಜ್ಜಂದಿರ ಮನೆಯ ಮೇಜುದೀಪದ ಚಿಮಣಿಗೂ ಇದೇ ಮೂಲ.

ದೀಪದ ಹಿಂದೆ ಹೊಳಪಿನ ಲೋಹದ ಪ್ರತಿಫಲಕಗಳನ್ನು ಇಡುತ್ತಿದ್ದರು. ಪ್ಯಾರಾಬೊಲಾ ಆಕಾರದ ಬಟ್ಟಲಿನ ನಾಭಿಯಲ್ಲಿ ದೀಪವಿಟ್ಟರೆ ಸುತ್ತ ಚೆಲ್ಲಿಹೋಗುವ ಕಿರಣಗಳು ಒಂದೇ ದಿಕ್ಕಿಗೆ ಹೊರಡುತ್ತವೆ. ನಿಮ್ಮ ಟಾರ್ಚಿನ ಗಾಜಿನೊಳಗೆ ಇಣುಕಿದರೆ ಕಾಣುವ ಹೊಳೆಯುವ ಬಟ್ಟಲು ಅದರದೇ ಮರಿ. ಫ್ರಾನ್ಸಿನ ಫ್ರೆನೆಲ್ 1820ರ ದಶಕದಲ್ಲಿ ಗಾಜಿನ ಮೆಟ್ಟಿಲುಗಳಂತೆ ಜೋಡಿಸಿದ ಮಸೂರವನ್ನು ತಂದ ಮೇಲೆ ದೀಪಸ್ತಂಭಗಳು ಕ್ರಮೇಣ ಪ್ರತಿಫಲಕದಿಂದ ಮಸೂರಕ್ಕೆ ತಿರುಗಿದವು.

ಅನಂತರ ಅದೇ ಆವರಣದಲ್ಲಿ ಹೈಕೋರ್ಟಿನ ಕೆಂಪು ಕಟ್ಟಡ ಎದ್ದಿತು. 1892ರಲ್ಲಿ ಕೋರ್ಟು ಅಲ್ಲಿ ಆರಂಭವಾಯಿತು. ಕಟ್ಟಡದ ಅತಿ ಎತ್ತರದ ಗೋಪುರ ಸುಮಾರು 175 ಅಡಿ. ಇಷ್ಟೆತ್ತರದ ಗೋಪುರ ಪಕ್ಕದಲ್ಲೇ ಇರುವಾಗ ಕಂಬದ ದೀಪ ಯಾಕೆಂದು 1894ರಲ್ಲಿ ದೀಪವನ್ನು ಗೋಪುರದ ತುದಿಗೆ ಏರಿಸಿದರು. ಕೆಳಗೆ ನ್ಯಾಯ, ಮೇಲೆ ಬೆಳಕು! ಈ ಏರ್ಪಾಟು 1977ರವರೆಗೆ ನಡೆಯಿತು.

ಕನ್ನಡಿಗರಾದ ನಮಗೆ ಈ ಕಟ್ಟಡದ ಬಗೆಗೆ ಇನ್ನೊಂದು ಆಸಕ್ತಿಯ ಸಂಗತಿಯುಂಟು. ಇದನ್ನು ರೂಪಿಸಿದವರಲ್ಲಿ ಮುಖ್ಯನಾದ ಹೆನ್ರಿ ಇರ್ವಿನ್ನನೇ ಮೈಸೂರಿನ ಈಗಿನ ಅಂಬಾವಿಲಾಸ ಅರಮನೆಯ ಶಿಲ್ಪಿ. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಅವನು ನಕ್ಷೆ ತೆಗೆದ ಅರಮನೆ 1912ರಲ್ಲಿ ಪೂರ್ಣವಾಯಿತು. ಸುಮಾರು ಒಂದು ಲಕ್ಷ ಬಲ್ಬು ಹೊತ್ತಿ ಬೆಳಗುವ ಅರಮನೆಯನ್ನು ನಾವೆಲ್ಲ ದಸರೆಯಲ್ಲಿ ಬಾಯಿ ತೆರೆದು ನೋಡಿದವರೇ. ಅವನ ಒಂದು ಕಟ್ಟಡದ ಬೆಳಕು ನಾಡಹಬ್ಬದ ಸಂಭ್ರಮಕ್ಕೆ, ಇನ್ನೊಂದರದು ಹಡಗಿನವರ ಪ್ರಾಣಕ್ಕೆ.

ದೀಪಕ್ಕೆ ಶತ್ರು ಮಿತ್ರರೆಂಬ ಭೇದವಿಲ್ಲ. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡೆನ್ ಯುದ್ಧನೌಕೆ ಮದರಾಸಿನ ಮುಂದೆ ಬಂದು ನಿಂತಾಗ ಪಟ್ಟಣ ಶಾಂತಿಕಾಲದಂತೆ ದೀಪ ಹಚ್ಚಿಕೊಂಡು ಕುಳಿತಿತ್ತು. ಬರ್ಮಾ ಆಯಿಲ್ ಕಂಪನಿಯ ಎಣ್ಣೆ ತೊಟ್ಟಿಗಳಿಗೆ ಬೆಂಕಿ ಬಿತ್ತು. ಒಂದು ಗುಂಡು ಹೈಕೋರ್ಟಿನ ಆವರಣದ ಗೋಡೆಗೂ ಬಡಿಯಿತು. ಅದರ ಗುರುತಿನ ಫಲಕ ಅಲ್ಲಿದೆ.

1977ರ ಜನವರಿಯಲ್ಲಿ ಮರೀನಾ ತೀರದ ಕೆಂಪು ಬಿಳಿ ಪಟ್ಟೆಯ ತ್ರಿಕೋನಾಕಾರದ ದೀಪಸ್ತಂಭ ಕೆಲಸಕ್ಕೆ ನಿಂತಿತು. ಇದರಲ್ಲಿ ಲಿಫ್ಟ್ ಕೂಡ ಇದೆ. ಬಹುಕಾಲ ಮುಚ್ಚಿದ್ದ ಇದರ ಮೇಲ್ಗಟ್ಟೆಯನ್ನು 2013ರಲ್ಲಿ ಸಾರ್ವಜನಿಕರಿಗೆ ಮತ್ತೆ ತೆರೆದರು.

ತೆಂಗಿನೆಣ್ಣೆಯಿಂದ ವಿದ್ಯುತ್ತಿನವರೆಗೆ ಇಂಧನ ಬದಲಾಯಿತು, ಎತ್ತರ ಬದಲಾಯಿತು. ಆದರೆ ದೀಪಸ್ತಂಭದವರ ಕಟ್ಟಳೆ ಒಂದೇ: ಸೂರ್ಯ ಮುಳುಗಿದಾಗ ಹಚ್ಚಿದ ದೀಪ ಸೂರ್ಯ ಹುಟ್ಟುವ ತನಕ ಅದೇ ಬೆಳಕಿನಲ್ಲಿ ಉರಿಯಬೇಕು. ಎಣ್ಣೆಯ ಕಾಲದಲ್ಲಿ ದೀಪ ಕಾಯುವವನು ರಾತ್ರಿಯಿಡೀ ಎದ್ದಿದ್ದು ಬತ್ತಿ ಕುಡಿ ಕತ್ತರಿಸುತ್ತಿದ್ದ, ಎಣ್ಣೆ ಹೊಯ್ಯುತ್ತಿದ್ದ, ಹಗಲು ಗಾಜಿನ ಮಸಿ ಒರೆಸುತ್ತಿದ್ದ. ಸಂಜೆ ಆರು ಗಂಟೆಗೆ ಝಗಝಗಿಸಿ ಏಳು ಗಂಟೆಗೆ ಮಂಕಾಗುವ ದೀಪವನ್ನು ಅವರು ದೀಪವೆಂದು ಕರೆಯುತ್ತಲೇ ಇರಲಿಲ್ಲ.

ಬೆಳಕಿಗೆ ಅಳತೆಗೋಲು

ಅಕ್ಕಿಗೆ ಸೇರು, ಬಟ್ಟೆಗೆ ಗಜ. ಬೆಳಕಿಗೆ? ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನಲ್ಲಿ ಅನಿಲದೀಪದ ಕಂಪನಿಗಳು ಮಾರುವ ಬೆಳಕು ಒಪ್ಪಂದದಷ್ಟು ಇದೆಯೋ ಇಲ್ಲವೋ ಎಂಬ ತಕರಾರು ಹುಟ್ಟಿತು. 1860ರಲ್ಲಿ ಅಲ್ಲಿ ಕಾನೂನು ಮಾಡಿ, ತಿಮಿಂಗಿಲದ ಕೊಬ್ಬಿನಿಂದ ಮಾಡಿದ ನಿರ್ದಿಷ್ಟ ತೂಕದ ಮೇಣದ ಬತ್ತಿ ಗಂಟೆಗೆ 120 ಗ್ರೇನ್‌ನಂತೆ ಉರಿದರೆ ಆ ಬೆಳಕು ಒಂದು ‘ಕ್ಯಾಂಡಲ್ ಪವರ್’ ಎಂದು ನಿಶ್ಚಯಿಸಿದರು. ಬಳಕೆದಾರನ ಹಿತಕ್ಕಾಗಿ ಹುಟ್ಟಿದ ಅಳತೆ ಇದು ಎಂಬುದನ್ನು ಗಮನಿಸಬೇಕು. 1948ರಲ್ಲಿ ಇದರ ಜಾಗಕ್ಕೆ ಕ್ಯಾಂಡೆಲಾ ಎಂಬ ಅಂತರರಾಷ್ಟ್ರೀಯ ಮಾನ ಬಂತು. 1979ರಲ್ಲಿ ಅದಕ್ಕೆ ಇನ್ನೂ ಖಚಿತವಾದ ವ್ಯಾಖ್ಯೆ ಕೊಟ್ಟರು.

ಲ್ಯೂಮೆನ್ ಮತ್ತು ಕ್ಯಾಂಡೆಲಾ ಎರಡೂ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ. ದೀಪದಿಂದ ಎಲ್ಲ ದಿಕ್ಕಿಗೂ ಹೊರಟ ಒಟ್ಟು ಬೆಳಕು ಲ್ಯೂಮೆನ್. ಒಂದು ದಿಕ್ಕಿನಲ್ಲಿ ಅದು ಎಷ್ಟು ತೀವ್ರ ಎಂಬುದು ಕ್ಯಾಂಡೆಲಾ. ಒಂದು ಕೊಡ ನೀರನ್ನು ಅಂಗಳಕ್ಕೆ ಚೆಲ್ಲಬಹುದು, ಪಿಚಕಾರಿಗೆ ತುಂಬಿ ಮಾವಿನ ಮರದ ತುದಿಗೂ ಹಾರಿಸಬಹುದು. ನೀರು ಅಷ್ಟೇ, ಬೀಳುವ ರೀತಿ ಬೇರೆ. ಮೆಟ್ಟಿಲು ಇಳಿಯಲು ಚೆಲ್ಲುವ ಬೆಳಕು ಬೇಕು. ತೋಟದ ಆಚೆ ಬದಿಯ ಸದ್ದು ಏನೆಂದು ನೋಡಲು ಹಾರಿಸುವ ಬೆಳಕು ಬೇಕು.

ಎರಡು ದೀಪಗಳನ್ನು ಹೋಲಿಸಲು ಜರ್ಮನಿಯ ಬುನ್ಸೆನ್ 1840ರ ದಶಕದಲ್ಲಿ ಅತಿ ಸರಳವಾದ ಉಪಾಯ ಕಂಡುಹಿಡಿದ. ಕಾಲೇಜಿನ ಪ್ರಯೋಗಶಾಲೆಯ ಬರ್ನರಿನಿಂದ ನಮಗೆಲ್ಲ ಪರಿಚಿತನಾದವನೇ ಈ ಬುನ್ಸೆನ್. ಬಿಳಿಯ ಕಾಗದದ ನಡುವೆ ಒಂದು ತೊಟ್ಟು ಎಣ್ಣೆ ಹಾಕಿ. ಕಾಗದದ ಹಿಂದೆ ಬೆಳಕು ಹೆಚ್ಚಿದ್ದರೆ ಎಣ್ಣೆಯ ಕಲೆ ಬೆಳ್ಳಗೆ ಕಾಣುತ್ತದೆ, ಮುಂದೆ ಹೆಚ್ಚಿದ್ದರೆ ಕಪ್ಪಗೆ ಕಾಣುತ್ತದೆ. ಎರಡು ಕಡೆಯ ಬೆಳಕೂ ಸಮವಾದಾಗ ಕಲೆ ಬಹುಮಟ್ಟಿಗೆ ಮಾಯವಾಗುತ್ತದೆ. ಆಗ ಎರಡು ದೀಪಗಳ ದೂರ ಅಳೆದರೆ ಮುಗಿಯಿತು. ದೂರ ಎರಡು ಪಟ್ಟಾದರೆ ತೀವ್ರತೆ ನಾಲ್ಕು ಪಟ್ಟು, ದೂರ ಮೂರು ಪಟ್ಟಾದರೆ ತೀವ್ರತೆ ಒಂಬತ್ತು ಪಟ್ಟು.

ದೊಂದಿಯಿಂದ ಎಲ್‌ಇಡಿಗೆ

ಕೈದೀಪದ ಚರಿತ್ರೆಯನ್ನೂ ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ನಮ್ಮ ಮಲೆನಾಡಿನಲ್ಲಿ ದೊಂದಿ, ಕರಾವಳಿಯಲ್ಲಿ ತೆಂಗಿನ ಗರಿಯ ಸೂಡಿ, ಅರಮನೆಯಲ್ಲಿ ದೀವಟಿಗೆ, ಆಮೇಲೆ ಕಂದೀಲು. ಇವೆಲ್ಲ ಬೆಂಕಿಯ ದೀಪಗಳು. ಗಾಳಿ ಮಳೆಗೆ ಹೆದರುವಂಥವು. 1866ರಲ್ಲಿ ಫ್ರಾನ್ಸಿನ ಲೆಕ್ಲಾಂಶೆ ತನ್ನ ವಿದ್ಯುತ್ಕೋಶವನ್ನು ಪ್ರಕಟಿಸಿದ. 1880ರ ದಶಕದಲ್ಲಿ ಅದು ಚೆಲ್ಲದ ‘ಒಣ ಸೆಲ್ಲು’ ಆಯಿತು. 1899ರಲ್ಲಿ ಡೇವಿಡ್ ಮಿಸೆಲ್ ಎಂಬಾತ ಅಮೆರಿಕದಲ್ಲಿ ಕೊಳವೆಯಾಕಾರದ ಕೈದೀಪಕ್ಕೆ ಪೇಟೆಂಟ್ ಪಡೆದ. ಆ ಕಾಲದ ಸೆಲ್ಲು ಒಂದೇ ಸಮನೆ ಉರಿಸಲಾರದಷ್ಟು ದುರ್ಬಲ. ಕ್ಷಣಕಾಲ ಒತ್ತಿ ಬಿಡಬೇಕಿತ್ತು. ಅದಕ್ಕೇ ಅಮೆರಿಕನರು ಅದನ್ನು ‘ಫ್ಲಾಶ್‌ಲೈಟ್’ ಎಂದರು. ಮಿಂಚಿ ಮಾಯವಾಗುವ ಗುಣ ಹೆಸರಿನಲ್ಲೇ ಇತ್ತು. ಕನಿಷ್ಠ ಪಕ್ಷ ಅವರು ಪ್ರಾಮಾಣಿಕರು!

ಭಾರತದಲ್ಲಿ ಟಾರ್ಚು ಎಂದರೆ ಬಹುಕಾಲ ಎವೆರೆಡಿ ಎಂದೇ ಅರ್ಥ. ಯೂನಿಯನ್ ಕಾರ್ಬೈಡ್ ಇಂಡಿಯಾ ಕಂಪನಿಯ ಸರಕು ಅದು. 1984ರ ಭೋಪಾಲ್ ದುರಂತದ ಮೇಲೆ, 1994ರಲ್ಲಿ ಈ ಕಂಪನಿ ಕೈ ಬದಲಾಯಿಸಿತು. ನನ್ನ ಬಾಲ್ಯದಲ್ಲಿ ನಮ್ಮ ಮನೆಯಲ್ಲಿ ಮೂರು ಸೆಲ್ಲಿನ ಉದ್ದನೆಯ ಟಾರ್ಚು ಇತ್ತು. ಅದನ್ನು ‘ಬ್ಯಾಟರಿ’ ಎಂದೇ ಕರೆಯುತ್ತಿದ್ದೆವು. ಸೆಲ್ಲು ಸತ್ತರೆ ಅಪ್ಪ ಅವನ್ನು ಬಿಸಿಲಿಗೆ ಸಾಲಾಗಿ ಇಡುತ್ತಿದ್ದರು. ಬಿಸಿಗೆ ಒಳಗಿನ ರಾಸಾಯನಿಕ ಕ್ರಿಯೆ ಸ್ವಲ್ಪ ಚುರುಕಾಗಿ ಇನ್ನೊಂದು ರಾತ್ರಿಗೆ ಬರುತ್ತಿತ್ತು. ಅಂಥ ಬಲ್ಬಿನ ಟಾರ್ಚಿನಲ್ಲಿ ಒಂದು ವಾಟ್ ವಿದ್ಯುತ್ತಿಗೆ ಹತ್ತು ಲ್ಯೂಮೆನ್ ಬಂದರೆ ಹೆಚ್ಚು. ಉಳಿದದ್ದು ಬಹುಪಾಲು ಶಾಖವಾಗಿ ಹೋಗುತ್ತಿತ್ತು.

ಎಲ್‌ಇಡಿ ಈ ಲೆಕ್ಕವನ್ನೇ ಬದಲಿಸಿತು. 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕೆಂಪು ಎಲ್‌ಇಡಿ ತಯಾರಿಸಿದರು. ಪ್ರಖರವಾದ ನೀಲಿಗಾಗಿ ಮೂವತ್ತು ವರ್ಷ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಬಂತು. ನೀಲಿಯ ಮೇಲೆ ಹಳದಿ ಬೆಳಕು ಕೊಡುವ ಪುಡಿ ಬಳಿದರೆ ಕಣ್ಣಿಗೆ ಬಿಳಿ ಬೆಳಕು ಕಾಣುತ್ತದೆ. ಈಗ ಒಂದು ವಾಟ್‌ಗೆ ನೂರು ಲ್ಯೂಮೆನ್ ಅಥವಾ ಅದಕ್ಕೂ ಹೆಚ್ಚು ಪಡೆಯುವುದು ಸಾಮಾನ್ಯ. ಜೊತೆಗೆ 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ ಅಯಾನ್ ಸೆಲ್ಲು ಸಣ್ಣ ಜಾಗದಲ್ಲಿ ಹೆಚ್ಚು ಶಕ್ತಿ ತುಂಬಿಕೊಟ್ಟಿತು.

ಪೆಟ್ಟಿಗೆಯ ಅಂಕಿಗೆ ಲೆಕ್ಕಪರಿಶೋಧನೆ

ಈಗ ನನ್ನ ಟಾರ್ಚಿಗೆ ಬರೋಣ. ಅದರಲ್ಲಿದ್ದುದು ‘18650’ ಎಂಬ ಅಳತೆಯ ಒಂದೇ ಸೆಲ್ಲು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಎಂದು ಅದರ ಅರ್ಥ. ಒಳ್ಳೆಯ ಸೆಲ್ಲಾದರೆ 3,000 ಮಿಲಿ ಆಂಪಿಯರ್ ಗಂಟೆ, 3.6 ವೋಲ್ಟ್, ಅಂದರೆ ಸುಮಾರು 11 ವಾಟ್ ಗಂಟೆಯ ಶಕ್ತಿ. ಒಂದು ವಾಟ್‌ಗೆ 100 ಲ್ಯೂಮೆನ್ ಹಿಡಿದರೂ 10,000 ಲ್ಯೂಮೆನ್‌ಗೆ 100 ವಾಟ್ ಬೇಕು. ಹಾಗೆ ಎಳೆದರೆ ಸೆಲ್ಲು ಏಳು ನಿಮಿಷಕ್ಕೆ ಖಾಲಿ. ಅಷ್ಟು ಎಳೆತವನ್ನು ಇಂಥ ಒಂದು ಸೆಲ್ಲು ತಾಳುವುದೂ ಕಷ್ಟ, ಆ ಶಾಖಕ್ಕೆ ಟಾರ್ಚನ್ನು ಕೈಯಲ್ಲಿ ಹಿಡಿಯುವುದೂ ಕಷ್ಟ. ಕಾಗದದ ಮೇಲಿನ ಈ ಲೆಕ್ಕವನ್ನು ಅಂಗಡಿಯಲ್ಲೇ ಮಾಡಬಹುದಿತ್ತು. ಮಾಡಲಿಲ್ಲ.

ಸೆಲ್ಲಿನ ಮೇಲೆ ‘9,900’ ಎಂದು ಅಚ್ಚಾಗಿತ್ತು. ಈ ಅಳತೆಯ ಅತ್ಯುತ್ತಮ ಸೆಲ್ಲುಗಳೂ ಸುಮಾರು 3,500ರ ಆಸುಪಾಸಿನವು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ಒಳ್ಳೆಯ ಸೆಲ್ಲು ಸುಮಾರು 45 ಗ್ರಾಂ ತೂಗುತ್ತದೆ. ಇದು ತೂಗಿದ್ದು 31 ಗ್ರಾಂ.

ಮುಂದೆ ಬುನ್ಸೆನ್ನನ ಪ್ರಯೋಗ. ಹೋಲಿಕೆಗೆಂದು 800 ಲ್ಯೂಮೆನ್ ಎಂದು ಬರೆದಿದ್ದ ಮತ್ತೊಂದು ಟಾರ್ಚನ್ನು ತಂದೆ. ನೆರವಿಗೆ ಒಂಬತ್ತನೆಯ ತರಗತಿಯ ಮಗಳು. ಮನೆಯ ಉದ್ದನೆಯ ಪಡಸಾಲೆಯಲ್ಲಿ ರಾತ್ರಿ ದೀಪ ಆರಿಸಿ, ಬಿಳಿ ಕಾಗದದ ಮೇಲೆ ಒಂದು ತೊಟ್ಟು ತೆಂಗಿನೆಣ್ಣೆ ಹಾಕಿದೆವು. 1796ರಲ್ಲಿ ಮದರಾಸಿನ ಕಡಲಿಗೆ ಬೆಳಕು ಕೊಟ್ಟ ಎಣ್ಣೆ ಈಗ ಬೆಳಕನ್ನು ಅಳೆಯಲು ಒದಗಿತು. ಕಾಗದದ ಒಂದು ಕಡೆ 50 ಸೆಂಟಿಮೀಟರ್ ದೂರದಲ್ಲಿ ಸಾಧಾರಣ 9 ವಾಟಿನ ಎಲ್‌ಇಡಿ ಬಲ್ಬು, ಇನ್ನೊಂದು ಕಡೆ ಟಾರ್ಚು. ಮಗಳು ಟಾರ್ಚನ್ನು ಹಿಂದೆ ಮುಂದೆ ಸರಿಸುತ್ತಿದ್ದಳು, ನಾನು ಕಲೆ ನೋಡುತ್ತಿದ್ದೆ.

‘10,000’ದ ಟಾರ್ಚು ಹಚ್ಚಿದ ಕೂಡಲೆ ಕಲೆ ಮಾಯವಾದದ್ದು 4 ಮೀಟರಿನಲ್ಲಿ, ಅಂದರೆ ಬಲ್ಬಿನ 64 ಪಟ್ಟು ತೀವ್ರತೆ. ಐದು ನಿಮಿಷದ ಮೇಲೆ ಅದು 2 ಮೀಟರಿಗೆ ಇಳಿಯಿತು. ತೀವ್ರತೆ 16 ಪಟ್ಟು, ಮೊದಲಿನ ಕಾಲು ಭಾಗ. ಇಪ್ಪತ್ತೆರಡನೆಯ ನಿಮಿಷದಲ್ಲಿ ಟಾರ್ಚು ಆರಿತು. ‘800’ರ ಟಾರ್ಚಿಗೆ ಮೊದಲು ಬಂದದ್ದು 3.5 ಮೀಟರ್, 49 ಪಟ್ಟು. ಒಂದು ಗಂಟೆಯ ಮೇಲೂ ಅದು 3 ಮೀಟರಿನಲ್ಲಿ ನಿಂತಿತ್ತು, 36 ಪಟ್ಟು. ಲೇಬಲಿನಲ್ಲಿ ಹನ್ನೆರಡು ಪಟ್ಟಿಗೂ ಮೀರಿದ್ದ ವ್ಯತ್ಯಾಸ, ಎಣ್ಣೆಯ ಕಲೆಯ ಮುಂದೆ ಒಂದೂಕಾಲು ಪಟ್ಟು ಚಿಲ್ಲರೆಗೆ ಇಳಿಯಿತು. ಅದೂ ಮೊದಲ ಕೆಲವು ನಿಮಿಷ ಮಾತ್ರ. ಇದು ಕಿರಣದ ನಡುಭಾಗದ ಅಳತೆ, ಒಟ್ಟು ಲ್ಯೂಮೆನ್ ಅಲ್ಲ ಎಂಬುದು ನನಗೂ ಗೊತ್ತು. ಆದರೆ ಎರಡನ್ನೂ ಛಾವಣಿಗೆ ತಿರುಗಿಸಿ ಕೋಣೆಯಲ್ಲಿ ಹರಡಿದ ಬೆಳಕನ್ನು ನೋಡಿದಾಗಲೂ ಹನ್ನೆರಡು ಪಟ್ಟಿನ ಸುಳಿವಿರಲಿಲ್ಲ.

ದೂರದ ಲೆಕ್ಕ? 2009ರಲ್ಲಿ ಅಮೆರಿಕದ ತಯಾರಕರು ಒಪ್ಪಿಕೊಂಡ ಎಫ್‌ಎಲ್-1 ಎಂಬ ಮಾನಕದಲ್ಲಿ, ಬೆಳಕು 0.25 ಲಕ್ಸ್‌ಗೆ ಇಳಿಯುವ ದೂರವೇ ಟಾರ್ಚಿನ ದೂರ. ಹೆಚ್ಚು ಕಡಿಮೆ ಹುಣ್ಣಿಮೆಯ ಬೆಳದಿಂಗಳು ಎನ್ನಬಹುದು. ನನ್ನ ಬಲ್ಬು ಒಂದು ದಿಕ್ಕಿಗೆ ಸುಮಾರು 80 ಕ್ಯಾಂಡೆಲಾ ಎಂದು ಹಿಡಿದರೆ ಟಾರ್ಚಿನದು 5,120. ಅದಕ್ಕೆ ಬರುವ ದೂರ ಸುಮಾರು 143 ಮೀಟರ್. ಪೆಟ್ಟಿಗೆ ಹೇಳಿದ 1,500 ಮೀಟರ್ ಮುಟ್ಟಲು ಐದೂವರೆ ಲಕ್ಷಕ್ಕೂ ಹೆಚ್ಚು ಕ್ಯಾಂಡೆಲಾ ಬೇಕು.

ಇದೇ ಮಾನಕದ ಇನ್ನೊಂದು ಸೂಕ್ಷ್ಮ ತಿಳಿದಿರಲಿ. ಲ್ಯೂಮೆನ್ನನ್ನು ಅಳೆಯುವುದು ಹಚ್ಚಿದ ಅರ್ಧ ನಿಮಿಷದಿಂದ ಎರಡು ನಿಮಿಷದೊಳಗೆ. ‘ಉರಿಯುವ ಅವಧಿ’ ಎಂದರೆ ಬೆಳಕು ಮೊದಲಿನ ಹತ್ತನೆಯ ಒಂದು ಭಾಗಕ್ಕೆ ಇಳಿಯುವವರೆಗಿನ ಕಾಲ. ಆದುದರಿಂದ ಪ್ರಾಮಾಣಿಕ ತಯಾರಕನ ಅಂಕಿಯೂ ಷರತ್ತಿಗೆ ಒಳಪಟ್ಟದ್ದೇ. ಎಲ್‌ಇಡಿಯ ಶಾಖ ಬೆಳಕಿನೊಡನೆ ಮುಂದಕ್ಕೆ ಹೋಗುವುದಿಲ್ಲ, ಹಿಂದಿನ ಲೋಹಕ್ಕೆ ಇಳಿಯುತ್ತದೆ. ಆ ಲೋಹ ತೆಳುವಾಗಿದ್ದರೆ, ಎಲ್‌ಇಡಿ ಕೂತ ಫಲಕ ಹೊರಮೈಗೆ ಸರಿಯಾಗಿ ತಾಗದಿದ್ದರೆ, ಶಾಖ ಒಳಗೇ ಉಳಿಯುತ್ತದೆ. ಆಗ ಒಳಗಿನ ಮಂಡಲ ಬೆಳಕನ್ನು ತಗ್ಗಿಸುತ್ತದೆ, ಇಲ್ಲವೆ ಎಲ್‌ಇಡಿಯೇ ಸುಡುತ್ತದೆ. ಬಿಚ್ಚಿ ನೋಡಿದಾಗ ನನ್ನ ಟಾರ್ಚಿನ ಫಲಕ ಒಂದು ತೊಟ್ಟು ಅಂಟಿನ ಮೇಲೆ ಕೂತಿತ್ತು.

ಕೊನೆಗೆ ನೀರು. ಸೆಲ್ಲು ತೆಗೆದು ಎರಡನ್ನೂ ಅರ್ಧ ಗಂಟೆ ಬಕೆಟ್ಟಿನಲ್ಲಿ ಮುಳುಗಿಸಿದೆ. 800ರದರಲ್ಲಿ ಮುಚ್ಚಳದ ಮರೆಗೆ ದಪ್ಪ ರಬ್ಬರು ಬಳೆ ಇತ್ತು, ಒಳಗೆ ಒಣಗಿದ್ದಿತು. ಇನ್ನೊಂದರ ಗಾಜಿನ ಒಳಗೆ ಹನಿ ಕಟ್ಟಿತ್ತು. ಮಳೆಯ ರಾತ್ರಿಗೆಂದೇ ಇದನ್ನು ಕೊಂಡಿದ್ದೆ!

ಬೆಳಗಾಗುವ ತನಕ

ನಮ್ಮ ಸಂಘದ ಕುಟುಂಬಗಳಲ್ಲಿ ಬಹುಪಾಲು ಬಾಡಿಗೆ ಮನೆಯವು. ಊರಿನ ಅಣ್ಣ ತಮ್ಮಂದಿರು ಕೂಗಳತೆಯಲ್ಲಿ ಇಲ್ಲ. 2015ರ ಪ್ರವಾಹ, 2016ರ ವರ್ದಾ, 2023ರ ಮಿಚಾಂಗ್, ಎಲ್ಲವೂ ಡಿಸೆಂಬರಿನ ಕತ್ತಲಲ್ಲೇ ಬಂದವು. ಆದುದರಿಂದ ನನ್ನ ವಿನಂತಿ ಇಷ್ಟು. ಹೊಸ ಟಾರ್ಚು ಕೊಂಡರೆ ಐಪ್ಪಸಿ ಮಳೆಗೆ ಮುಂಚೆಯೇ ಒಂದು ಸಂಜೆ ಅದನ್ನು ಹಚ್ಚಿ, ಗಡಿಯಾರ ಮುಂದಿಟ್ಟುಕೊಂಡು, ಆರುವ ತನಕ ಕಾಯಿರಿ. ಮೊದಲ ನಿಮಿಷವನ್ನು ಮೆಚ್ಚಬೇಡಿ, ಅರವತ್ತನೆಯ ನಿಮಿಷವನ್ನು ನೋಡಿ. ಕಡಿಮೆ ಬೆಳಕಿನಲ್ಲಿ ಬಹಳ ಹೊತ್ತು ಉರಿಯುವ ಏರ್ಪಾಟು ಇದೆಯೇ ಕೇಳಿ. ಮೆಟ್ಟಿಲಿಗೆ ಐವತ್ತು ಲ್ಯೂಮೆನ್ ಧಾರಾಳ ಸಾಕು. ಲಿಥಿಯಂ ಸೆಲ್ಲನ್ನು ಹಾಸಿಗೆಯ ಮೇಲೆ ಚಾರ್ಜಿಗಿಟ್ಟು ಮಲಗಬೇಡಿ. ಮಕ್ಕಳ ಕಣ್ಣಿಗೆ ಟಾರ್ಚು ಬಿಡಬೇಡಿ.

ಮಕ್ಕಳನ್ನು ಒಮ್ಮೆ ಮರೀನಾ ದೀಪಸ್ತಂಭಕ್ಕೂ ಕರೆದುಕೊಂಡು ಹೋಗಿ. ನಾನು ಮಗಳನ್ನು ಕರೆದೊಯ್ದಿದ್ದೆ. ಮೇಲೆ ನಿಂತು ಕಡಲು ನೋಡುತ್ತ ಅವಳು ಕೇಳಿದಳು: “ಅಪ್ಪಾ, ಇದು ಎಷ್ಟು ಲ್ಯೂಮೆನ್ ಅಂತ ಹಡಗಿನವರು ಕೇಳ್ತಾರಾ?” ಕೇಳುವುದಿಲ್ಲ. ತೋರಿಸಬೇಕಾದಾಗ ತೋರಿಸುತ್ತದೆಯೇ ಎಂಬುದಷ್ಟೇ ಅವರಿಗೆ ಬೇಕು.

ಮಾಮಿಯ ಕೈ ಕೂಡಿಕೊಂಡಿದೆ. ಚಳಿ ಮಳೆಗೆ ಈಗಲೂ ಸ್ವಲ್ಪ ನೋಯುತ್ತದಂತೆ. 800ರ ಟಾರ್ಚನ್ನು ಅವರಿಗೇ ಕೊಟ್ಟಿದ್ದೇನೆ. ಪ್ರತಿ ತಿಂಗಳ ಮೊದಲ ದಿನ ಅದನ್ನು ಒಂದು ಗಂಟೆ ಹಚ್ಚಿಟ್ಟು ನೋಡಿ, ಮತ್ತೆ ಚಾರ್ಜು ತುಂಬಿ ಕೊಡುವ ಕೆಲಸ ನನ್ನದು. ದೀಪ ಕಾಯುವ ಹಳೆಯ ಕೆಲಸ. ನಾನು ತಡಮಾಡಿದರೆ ಮಾಮಿಯೇ ಮೆಟ್ಟಿಲ ಕೆಳಗಿನಿಂದ ಕೂಗಿ ನೆನಪಿಸುತ್ತಾರೆ.